ದವನ, ಹೊಗೆ, ಕೊಟ್ಟಿಗೆ: ವಿಜಯಪುರದ ಒಂದು ಅತ್ತರಿನ ಪ್ರಕರಣ

ವಿಜಯಪುರದ ಒಂದು ಗ್ರಂಥಿಗೆ ಅಂಗಡಿಯಲ್ಲಿ ನಡೆದ ಸಂಗತಿ ಇದು. ಒಂದು ಅತ್ತರು, ಅದನ್ನು ಮಾಡಿದ ತಂಗಿ, ಅದನ್ನು ಮಾರಬೇಕಾದ ಅಣ್ಣ, ಮತ್ತು ಅದನ್ನು ಮೂಸಿ ಎರಡು ಪಾಲಾದ ಗಿರಾಕಿಗಳು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಓಣಿ ಹೇಳುವುದಿಲ್ಲ, ಗುರುತು ಸಿಗುವಂಥ ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ಅತ್ತರಿಗೆ ಅವರಿಟ್ಟ ಹೆಸರೂ ಬೇರೆ. ಇಲ್ಲಿ ಅದನ್ನು ‘ಎರಿ’ ಅನ್ನೋಣ, ಎರೆಮಣ್ಣಿನ ಎರಿ.

ನಾನು ಬೆಳಗಾವಿಯಲ್ಲಿದ್ದು ಈ ಭಾಗದ ಅಂಗಡಿಗಳಿಗೆ ಅತ್ತರು, ಸುಗಂಧದ ಎಣ್ಣೆ ಪೂರೈಸುತ್ತೇನೆ. ಎರಿಗೆ ಬೇಕಾದ ಅರ್ಧ ಸಾಮಾನು ನನ್ನ ಕೈಯಿಂದಲೇ ಹೋಗಿದ್ದು. ಹಾಗಾಗಿ ನಾನು ದೂರ ನಿಂತು ನೋಡಿದವನಲ್ಲ. ಈ ಕತೆಯಲ್ಲಿ ಒಂದು ತಪ್ಪು ಸಲಹೆ ನನ್ನದೂ ಇದೆ.

ಹಿನ್ನೆಲೆ

ಅಂಗಡಿ ಅಜ್ಜನ ಕಾಲದ್ದು. ಲಾವಂಚ, ಭದ್ರಮುಷ್ಟಿ, ಅಳಲೆಕಾಯಿ, ವಿಭೂತಿ, ಲೋಬಾನ, ಊದಿನಕಡ್ಡಿ, ಮದುವೆಯ ಬಾಸಿಂಗ, ಎಲ್ಲ ಒಂದೇ ಕಡೆ ಸಿಗುತ್ತವೆ. ಒಳಗೆ ಹತ್ತು ನಿಮಿಷ ನಿಂತರೆ ಸಾಕು, ಆ ವಾಸನೆ ಅಂಗಿಗೆ ಹತ್ತಿ ಮನೆಯವರೆಗೂ ಬರುತ್ತದೆ. ಮೂಲೆಯಲ್ಲಿ ಒಂದು ಗಾಜಿನ ಕಪಾಟು. ಅದರಲ್ಲಿ ಗುಲಾಬ್, ಮೊಗ್ರಾ, ಹೀನಾ, ಖಸ್, ಮಜ್ಮುಆ, ಜನ್ನತುಲ್ ಫಿರ್ದೌಸ್, ವೈಟ್ ಮಸ್ಕ್. 3, 6, 12 ಮಿಲಿಯ ಶೀಸೆಗಳು. ಕಪಾಟಿನ ಎಡಕ್ಕೆ ‘ಜೆಂಟ್ಸ್’, ಬಲಕ್ಕೆ ‘ಲೇಡೀಸ್’ ಅಂತ ಎರಡು ಚೀಟಿ. ಬಾಡಿ ಸ್ಪ್ರೇಗಳ ಕಾಲ ಬಂದ ಮೇಲೆ ಅಣ್ಣ ಅಂಟಿಸಿದ್ದು. ಗಿರಾಕಿಗೆ ಹುಡುಕಲು ಸುಲಭವಾಗಲಿ ಅಂತ ಅವನ ವಿಚಾರ.

ಅಣ್ಣ ಇಪ್ಪತ್ತು ವರ್ಷದಿಂದ ಗಲ್ಲೆಯ ಮೇಲೆ ಕೂತವನು. ಲೆಕ್ಕ ಕಟ್ಟುನಿಟ್ಟು. ನನ್ನ ಜೊತೆ ಅವನ ಒಂದೇ ತಕರಾರು ಇತ್ತು, ವೈಟ್ ಮಸ್ಕ್ ಬಗ್ಗೆ. “ನಿಮ್ಮ ಮಸ್ಕ್ ನೀರಿನಂಗ ಅದರಿ, ವಾಸನಿನ ಇಲ್ಲ” ಅಂತ ಎರಡು ಸಲ ವಾಪಸ್ ಕಳಿಸಿದ್ದ. ಅದೇ ಡಬ್ಬಿಯ ಮಾಲು ಬಾಗಲಕೋಟೆಯಲ್ಲಿ ಯಾವ ತಕರಾರೂ ಇಲ್ಲದೆ ಹೋಗುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಂಗಿ ಕೆಮಿಸ್ಟ್ರಿ ಎಂಎಸ್ಸಿ. ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ ಮತ್ತೆ ಅಂಗಡಿಗೆ ಬಂದವಳು. ಹಿಂದಿನ ಕೋಣೆಯಲ್ಲಿ ಗ್ರಾಮಿನ ನೂರನೇ ಪಾಲು ತೂಗುವ ಸಣ್ಣ ತಕ್ಕಡಿ, ಡ್ರಾಪರ್‌ಗಳು, ಒಂದು ಉದ್ದನೆಯ ನೋಟ್‌ಬುಕ್. ಅವಳಿಗೆ ಒಂದು ಹಟ ಇತ್ತು. ಪ್ಯಾರಿಸ್ಸಿನ ಸೆಂಟಿನ ನಕಲು ಬೇಡ, ಅರಬ್ಬರ ಕಡೆಯದರ ನಕಲೂ ಬೇಡ, ಈ ಊರಿನ ವಾಸನೆಯದೇ ಒಂದು ಅತ್ತರು ಬೇಕು. ಹೂವಿನದ್ದಲ್ಲ. ತಿಕೋಟಾ ಕಡೆಯ ಮಣೂಕದ (ಒಣದ್ರಾಕ್ಷಿಯ) ಶೆಡ್ಡು, ಬಣವೆಗೆ ಒಟ್ಟಿದ ಜೋಳದ ಕಣಿಕಿ, ಒಲೆಯ ಹೊಗೆ, ಮೊದಲ ಮಳೆ ಬಿದ್ದ ಎರಿ ಹೊಲ, ಇಂಡಿಯ ನಿಂಬೆ.

ಎಂಟು ತಿಂಗಳು ಕೂತು ಮಾಡಿದಳು. ಮೇಲೆ ನಿಂಬೆ. ಅದರಲ್ಲೂ ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗಾಗುತ್ತದೆ, ಆದ್ದರಿಂದ ಬಟ್ಟಿ ಇಳಿಸಿದ್ದನ್ನೇ ಹಾಕಿದಳು. ನಮ್ಮ ಬಿಸಿಲಿಗೆ ಈ ಎಚ್ಚರ ಬೇಕೇ ಬೇಕು. ನಡುವೆ ದವನದ ಎಣ್ಣೆ, ಜೊತೆಗೆ ತಂಬಾಕು. ಕೆಳಗೆ ಹೊಗೆ ಹೊಗೆಯಾದ ಭದ್ರಮುಷ್ಟಿ, ಒದ್ದೆ ಮಣ್ಣಿನ ವಾಸನೆಯ ಕನೌಜಿನ ಮಿಟ್ಟಿ ಅತ್ತರು, ಊದ್ ಅಂದರೆ ಅಗರು ಮರದ ಎಣ್ಣೆ. ಎಲ್ಲದರ ಬುಡಕ್ಕೆ ಮೆತ್ತಗೆ ಹಾಸಿದ ಹಾಗೆ ಕಸ್ತೂರಿ. ಮೃಗದ್ದಲ್ಲ, ಈಗ ಎಲ್ಲ ಕಡೆ ಬಳಸುವ ರಾಸಾಯನಿಕ ಕಸ್ತೂರಿ, ವೈಟ್ ಮಸ್ಕ್‌ನಲ್ಲಿ ಇರುವಂಥದ್ದೇ.

ದವನದ ಬಗ್ಗೆ ಎರಡು ಮಾತು. ನಮಗೆ ಅದು ಹೊಸದಲ್ಲ. ಹೆಣ್ಣುಮಕ್ಕಳ ಮುಡಿಯಲ್ಲಿದೆ, ದೇವರ ಹಾರದಲ್ಲಿದೆ, ಚೈತ್ರದ ಹುಣ್ಣಿಮೆಗೇ ದವನದ ಹೆಸರಿದೆ. ಅದರ ಎಣ್ಣೆ ಬಹುಪಾಲು ದಕ್ಷಿಣ ಭಾರತದಿಂದಲೇ, ಅದರಲ್ಲೂ ಕರ್ನಾಟಕದಿಂದಲೇ ಪ್ರಪಂಚಕ್ಕೆ ಹೋಗುತ್ತದೆ. ಆದರೆ ಎಣ್ಣೆಯಾದಾಗ ಅದು ಬೇರೆಯೇ ಜೀವ. ಒಣದ್ರಾಕ್ಷಿ, ಮಾಗಿದ ಹಣ್ಣು, ಸ್ವಲ್ಪ ಹುಳಿತ ಹೆಂಡದಂಥ ಘಮ. ಮತ್ತೆ ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಬರುತ್ತದೆ. ಸುಗಂಧ ಮಾಡುವವರೆಲ್ಲ ಇದನ್ನು ಬಲ್ಲರು. ನನ್ನ ಕೈಮೇಲೆ ಮಣೂಕ, ನನ್ನ ಹೆಂಡತಿಯ ಕೈಮೇಲೆ ಕಷಾಯ.

ಸ್ವಂತ ಹೆಸರಲ್ಲಿ ಪ್ಯಾಕ್ ಮಾಡಿ ಮಾರಲು ಸೌಂದರ್ಯವರ್ಧಕ ತಯಾರಿಸುವ ಲೈಸೆನ್ಸ್ ಬೇಕು. ಅದಿರುವ ಒಂದು ಘಟಕದಲ್ಲಿ 6 ಮಿಲಿಯ 60 ಶೀಸೆ ಮಾಡಿಸಿದರು. ಶೀಸೆಗೆ 450 ರೂಪಾಯಿ. ಏಪ್ರಿಲ್ ತಿಂಗಳು, ಲಗ್ನದ ಸೀಜನ್. ಗಂಡಸರದ್ದೂ ಅಲ್ಲ, ಹೆಂಗಸರದ್ದೂ ಅಲ್ಲ, ಇಬ್ಬರಿಗೂ ಅಂತ ಗಲ್ಲೆಯ ಮೇಲೆಯೇ ಇಟ್ಟರು.

ಎರಡು ಪಾಲು

ಮೊದಲ ವಾರದಲ್ಲೇ ಒಂದು ವಿಷಯ ಎದ್ದು ಕಂಡಿತು. ಯಾರೂ “ಪರವಾಗಿಲ್ಲ” ಅನ್ನಲಿಲ್ಲ. ಕಾಗದದ ಪಟ್ಟಿ ಮೂಗಿಗೆ ಹಿಡಿದ ಕೂಡಲೇ ಕೆಲವರು ಕಣ್ಣು ಮುಚ್ಚಿ ಇನ್ನೊಂದು ಸಲ ಎಳೆದುಕೊಳ್ಳುತ್ತಿದ್ದರು. ಕೆಲವರು ಮುಖ ತಿರುಗಿಸುತ್ತಿದ್ದರು. “ಏನ್ರೀ ಇದು, ದನದ ಕೊಟ್ಟಿಗಿ ನಾತ” ಅಂತ ಒಬ್ಬರು. “ಬೀಡಿ ಸೇದಿದಾಂವ ಬಾಜೂಕ ಕುಂತಂಗ ಆಗ್ತದ” ಅಂತ ಇನ್ನೊಬ್ಬರು. “ಹಳೆ ಔಷಧ” ಅಂತ ಮತ್ತೊಬ್ಬರು.

ಒಬ್ಬ ನಿವೃತ್ತ ಟೀಚರ್ ಬಂದರು. ಕೈಮೇಲೆ ಹಚ್ಚಿಸಿಕೊಂಡು ಸುಮ್ನೆ ಹೋದರು. ಮರುದಿನ ಮತ್ತೆ ಬಂದು ಮೂರು ಶೀಸೆ ಕೇಳಿದರು. “ಇದು ನಮ್ಮ ತವರಮನಿ ಮಣೂಕದ ಶೆಡ್ಡಿನ ವಾಸನಿ ಅದನವಾ. ಮುಂಜಾನೆ ನಮ್ಮಪ್ಪ ಶೆಡ್ಡಿನ ಬಾಗಿಲಾ ತಗದ ಕೂಡ್ಲೆ ಹಿಂಗ ಬರ್ತಿತ್ತು” ಅಂದರು. ತಂಗಿ ಆ ಮಾತನ್ನು ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಅವಳು ಮಾಡಬೇಕು ಅಂದುಕೊಂಡದ್ದೂ ಅದನ್ನೇ ಅಲ್ವಾ.

ಮೇ ತಿಂಗಳಲ್ಲಿ ದೊಡ್ಡ ಪೆಟ್ಟು ಬಿತ್ತು. ಹದಿನೈದು ವರ್ಷದಿಂದ ಫಿರ್ದೌಸ್ ಒಯ್ಯುವ ಹಳೇ ಗಿರಾಕಿಯೊಬ್ಬರು, ಅಣ್ಣನಿಗೆ ಕಾಕಾ ಆಗಬೇಕು, ಹೊಸದು ನೋಡೋಣ ಅಂತ ಎರಿ ಒಯ್ದರು. ಫಿರ್ದೌಸ್ ಹಚ್ಚುವ ಹಾಗೆಯೇ ಹಚ್ಚಿದರು. ಎರಡೂ ಮುಂಗೈ, ಕೊರಳು, ಅಂಗಿಯ ಕಾಲರ್, ಕಿವಿಯಲ್ಲಿ ಒಂದು ಹತ್ತಿ. ಮಧ್ಯಾಹ್ನ ಒಂದು ಗಂಟೆಗೆ ಕಲ್ಯಾಣ ಮಂಟಪ, ಹೊರಗೆ ರಣ ಬಿಸಿಲು. ಊಟದ ಪಂಕ್ತಿಯಲ್ಲಿ ಬಾಜೂಕ ಕೂತ ಇಬ್ಬರು ಎಲೆ ಬಿಟ್ಟು ಎದ್ದು ಬೇರೆ ಕಡೆ ಕೂತರು. ಒಬ್ಬ ಅಜ್ಜಿ ಎಲ್ಲರೆದುರು, “ಯಪ್ಪಾ, ಕೊಟ್ಟಿಗಿಯಿಂದ ಸೀದಾ ಬಂದಿಯೇನ?” ಅಂತ ಕೇಳಿದಳಂತೆ. ಮರುದಿನ ಕಾಕಾ ಅಂಗಡಿಗೆ ಬಂದು, ಐದಾರು ಗಿರಾಕಿಗಳಿರುವಾಗ ಶೀಸೆಯನ್ನು ಗಲ್ಲೆಯ ಮೇಲೆ ಕುಕ್ಕಿ ಹೋದರು.

ಅಂದು ರಾತ್ರಿ ಅಣ್ಣ ನನಗೆ ಫೋನ್ ಮಾಡಿದ. “ಅಂಗಡಿಗೆ ಹೆಸರ ಬರಾಕ ಅರವತ್ತ ವರ್ಷ ಬೇಕಾತ್ರಿ. ಹೋಗಾಕ ಒಂದ ಲಗ್ನ ಸಾಕು” ಅಂದ. ಅವನನ್ನು ನಾನು ಹಳೇ ಕಾಲದವನು ಅಂತ ತಳ್ಳಿಹಾಕುವುದಿಲ್ಲ. ಬಾಡಿಗೆ ಕಟ್ಟುವವನು ಅವನು, ಎದುರು ನಿಂತು ಬೈಸಿಕೊಂಡವನೂ ಅವನೇ. ಅಣ್ಣನ ಬಗ್ಗೆ ತಂಗಿಯ ಉತ್ತರ ಒಂದೇ: “ಅವಂಗ ಮೂಗಿಲ್ಲ. ಅವಂಗ ಗುಲಾಬ್ ಬಿಟ್ಟು ಬ್ಯಾರೆ ಗೊತ್ತಿಲ್ಲ.” ಒಂದೇ ಮನೆಯಲ್ಲಿ ಎರಡು ವಾರ ಮಾತು ನಿಂತಿತು.

ಮಾಡಿ ನೋಡಿದ್ದು

ನನ್ನ ಸಲಹೆ ಮೊದಲು. ಊದ್ ಅರ್ಧಕ್ಕೆ ಇಳಿಸಿ, ತಂಬಾಕು ತೆಗೆದು, ಗುಲಾಬ್ ಸೇರಿಸಿ ಅಂದೆ. ತಂಗಿ ಮನಸ್ಸಿಲ್ಲದೆ 20 ಶೀಸೆ ಮಾಡಿಸಿದಳು. ಒಂದೂ ದೂರು ಬರಲಿಲ್ಲ, ಎಲ್ಲ ಹೋದವು. ಆದರೆ ಮತ್ತೆ ಬೇಕು ಅಂತ ಯಾರೂ ಬರಲಿಲ್ಲ. ಟೀಚರ್ ಅದನ್ನು ಮೂಸಿ, “ಇದು ಬ್ಯಾರೆದವಾ” ಅಂತ ಕೆಳಗಿಟ್ಟರು. ಕಪಾಟಿನಲ್ಲಿ ಗುಲಾಬಿನದು ಆಗಲೇ ನಾಲ್ಕು ಥರ ಇತ್ತು, ಐದನೆಯದು ಯಾಕೆ ಬೇಕು? ನಾನು ಕಾಯಿಲೆ ಗೊತ್ತು ಮಾಡಿಕೊಳ್ಳದೆ ಔಷಧ ಹೇಳಿದ್ದೆ.

ಆಮೇಲೆ ಅಣ್ಣನ ವಿಚಾರ. ಹೊಗೆ, ತಂಬಾಕು ಇದೆಯಲ್ಲ, ಮೂಲ ಎರಿಯನ್ನು ‘ಜೆಂಟ್ಸ್’ ಕಡೆ ಇಡೋಣ ಅಂದ. ಇಟ್ಟ. ಗಂಡಸರು ಮೂಸಿ, ದವನ ಗುರುತು ಹಿಡಿದು, “ಇದು ಹೆಣ್ಮಕ್ಕಳ ದಂಡಿ ವಾಸನಿ” ಅಂತ ಬಿಟ್ಟರು. ಟೀಚರ್ ಹೇಳಿ ಕಳಿಸಿದ ಗೆಳತಿಯೊಬ್ಬರು ಬಂದು ಕೇಳಿದರೆ ಅಂಗಡಿಯ ಹುಡುಗ, “ಅದು ಗಂಡಸರದ್ರಿ ಅಕ್ಕಾರ” ಅಂದ. ಅವರು ಹಾಗೆಯೇ ತಿರುಗಿ ಹೋದರು. ‘ಲೇಡೀಸ್’ ಕಡೆ ಇಟ್ಟರು. ಅಲ್ಲಿ ಬೀಡಿ ವಾಸನೆ ಅಂತ ದೂರು. ಜುಲೈ ಹೊತ್ತಿಗೆ 60ರಲ್ಲಿ 22 ಹೋಗಿದ್ದವು, ಅದರಲ್ಲಿ ಮೂರು ಟೀಚರ್ ಒಯ್ದದ್ದು.

ಈ ಗಂಡು ಹೆಣ್ಣಿನ ಭಾಗ ಹಳೇ ಕಾಲದ ಕಟ್ಟುಪಾಡೇನೂ ಅಲ್ಲ. ಜರ್ಮನಿಯ ಕಲೋನ್ ಪಟ್ಟಣದಲ್ಲಿ 1709ರ ಸುಮಾರಿಗೆ ಶುರುವಾದ ನಿಂಬೆ, ಕಿತ್ತಳೆಯ ಕಲೋನ್ ನೀರನ್ನು ಗಂಡಸರು, ಹೆಂಗಸರು ಇಬ್ಬರೂ ಹಾಕುತ್ತಿದ್ದರು. 1994ರಲ್ಲಿ ಕ್ಯಾಲ್ವಿನ್ ಕ್ಲೈನ್ ಕಂಪನಿಯ ಸಿಕೆ ವನ್ ಸೆಂಟು ಬಂದಾಗ ಇಬ್ಬರಿಗೂ ಒಂದೇ ಶೀಸೆ ಅನ್ನುವುದನ್ನು ದೊಡ್ಡ ಹೊಸ ಸುದ್ದಿಯ ಹಾಗೆ ಮಾರಿದರು. ನಮ್ಮ ಅತ್ತರಿಗೆ ಆ ಗೆರೆಯೇ ಇರಲಿಲ್ಲ. ಇದೇ ವಿಜಯಪುರದಲ್ಲಿ, 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಸುಗಂಧ ಮಾಡುವುದು ಹೇಗೆ ಅಂತ ಪರ್ಷಿಯನ್ ಭಾಷೆಯಲ್ಲಿ ಒಂದು ಗ್ರಂಥವೇ ಆಗಿದೆ. ಈ ಊರಿಗೆ ಪರಿಮಳದ ಪಾಠ ಹೊರಗಿನಿಂದ ಬರಬೇಕಾಗಿಲ್ಲ. ಇದನ್ನೆಲ್ಲ ನಾನು ಅಣ್ಣನಿಗೆ ಹೇಳಿದೆ. ಅವನು ಕೇಳಿದ, ಒಪ್ಪಲಿಲ್ಲ. ಇತಿಹಾಸದಿಂದ ಗಲ್ಲೆ ತುಂಬುವುದಿಲ್ಲ ಅಂದ.

ಒಪ್ಪಿಸಿದ್ದು ಅಪ್ಪ. ಎಂಭತ್ತರ ಹತ್ತಿರದ ವಯಸ್ಸು, ಸಂಜೆ ಬಂದು ಒಂದು ತಾಸು ಕುರ್ಚಿಯಲ್ಲಿ ಕೂರುತ್ತಾರೆ. ಆಗಸ್ಟಿನ ಒಂದು ಸಂಜೆ ನಾನೂ ಅಲ್ಲಿದ್ದೆ. ಜಗಳ ಕೇಳಿ ಕೇಳಿ ಎದ್ದವರೇ ಕಪಾಟಿನ ‘ಜೆಂಟ್ಸ್’ ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿದರು. ಹತ್ತು ವರ್ಷದ ಅಂಟು, ಒಂದೇ ಸಲಕ್ಕೆ ಬರಲಿಲ್ಲ. ಒದ್ದೆ ಅರಿವೆ ತಂದು ಉಜ್ಜಿದರು. ಚೀಟಿ ಚೂರು ಚೂರಾಗಿ ಬಂತು. ಆಮೇಲೆ ಇನ್ನೊಂದು. ಗಾಜು ಒರೆಸುತ್ತಲೇ ಮಗನಿಗೆ ಹೇಳಿದರು: “ತಮ್ಮಾ, ನಾ ಗಲ್ಲೆದ ಮ್ಯಾಲ ಕುಂತಾಗ ಗಂಡಸರದೋ ಹೆಂಗಸರದೋ ಅಂತ ಯಾರೂ ಕೇಳಿಲ್ಲ. ಬ್ಯಾಸಗಿಗೆ ಏನು, ಥಂಡಿಗೆ ಏನು, ಅಷ್ಟ ಕೇಳೋರು. ಬ್ಯಾಸಗಿಗೆ ಖಸ್, ಗುಲಾಬ್. ಥಂಡಿಗೆ ಹೀನಾ. ಊದ್ ಹಾಕಿದ್ದನ್ನ ಏಪ್ರಿಲ್ದಾಗ ಯಾಂವ ಮಾರ್ತಾನ?”

ನಾವು ಮೂವರೂ ಸುಮ್ಮನಾದೆವು. ಇಪ್ಪತ್ತು ವರ್ಷದಿಂದ ಅತ್ತರು ಮಾರುವ ನನಗೆ ಇದು ಗೊತ್ತಿಲ್ಲದ್ದೇನಲ್ಲ. ತಂಪಿನ ಅತ್ತರು, ಬಿಸಿಯ ಅತ್ತರು ಅಂತ ದಿನಾ ಆಡುವ ಮಾತು. ಆದರೆ ಎರಿ ‘ಹೊಸ ಥರದ್ದು’ ಅಂತ ತಿಳಿದು, ಹಳೇ ಮಾತು ಅದಕ್ಕೆ ಸೇರುವುದಿಲ್ಲ ಅಂತ ಬಿಟ್ಟುಬಿಟ್ಟಿದ್ದೆವು.

ಆ ರಾತ್ರಿಯಿಂದ ತಂಗಿ ನೋಟ್‌ಬುಕ್ಕಿನ ಪ್ರಶ್ನೆಗಳನ್ನೇ ಬದಲಿಸಿದಳು. ಮೊದಲು “ಚಲೋ ಅದನೋ ಇಲ್ಲೋ” ಅಂತಷ್ಟೇ ಕೇಳುತ್ತಿದ್ದಳು. ಈಗ ಯಾರು ಹಚ್ಚಿದ್ದು, ಎಷ್ಟು ಹಚ್ಚಿದ್ದು, ಎಷ್ಟು ಹೊತ್ತಿಗೆ, ಎಲ್ಲಿಗೆ ಹೋದದ್ದು, ದೂರು ಹೇಳಿದ್ದು ಯಾರು, ಮೂಸಿದಾಗ ಏನು ನೆನಪಾಯಿತು. ಹಳೇ ಗಿರಾಕಿಗಳಿಗೂ ಫೋನ್ ಮಾಡಿ ಕೇಳಿ ಬರೆದಳು. ಮೂರು ವಾರದಲ್ಲಿ ಪುಟ ತುಂಬಿತು, ನಮ್ಮ ಕಣ್ಣೂ ತೆರೆಯಿತು. ಅಂಗಡಿಯಲ್ಲಿ ಕಾಗದ ಮೂಸಿ ಬಿಟ್ಟವರ ಮಾತು ಬೇರೆ. ಒಯ್ದು ಹಚ್ಚಿಕೊಂಡವರ ಪೈಕಿ ತಮಗೇ ಸೇರಲಿಲ್ಲ ಅಂದವರು ಇಬ್ಬರು ಮಾತ್ರ. ಉಳಿದ ದೂರೆಲ್ಲ ಬಾಜೂಕ ಇದ್ದವರದು. ಎಲ್ಲವೂ ಮಧ್ಯಾಹ್ನದ್ದು. ಎಲ್ಲರೂ ಫಿರ್ದೌಸ್ ಹಚ್ಚುವ ಹಾಗೆ ಹಚ್ಚಿದವರು.

ಕಾರಣ ಕಷ್ಟದ್ದಲ್ಲ. ನಾವು ಹಚ್ಚಿಕೊಂಡ ವಾಸನೆ ಸ್ವಲ್ಪ ಹೊತ್ತಿಗೆ ನಮ್ಮ ಮೂಗಿಗೇ ಬರುವುದು ನಿಲ್ಲುತ್ತದೆ, ಮೂಗು ಅದಕ್ಕೆ ಒಗ್ಗಿಬಿಡುತ್ತದೆ. ಹೋಯಿತು ಅಂತ ತಿಳಿದು ಇನ್ನೊಂದು ಸಲ ಹಚ್ಚುತ್ತೇವೆ. ಬಾಜೂಕ ಕೂತವನ ಮೂಗು ಮಾತ್ರ ತಾಜಾ ಇರುತ್ತದೆ. ಮೈ ಬಿಸಿ, ಹೊರಗೆ ನಲವತ್ತು ಡಿಗ್ರಿ ಇದ್ದರೆ ಎಣ್ಣೆ ಬೇಗ ಬೇಗ ಆವಿಯಾಗಿ ಊದ್, ತಂಬಾಕು ಒಮ್ಮೆಲೇ ಏಳುತ್ತವೆ. ಕಾಕಾ ಮೂಸಿದ ಎರಿ ಬೇರೆ, ಪಂಕ್ತಿಯಲ್ಲಿ ಎದ್ದು ಹೋದವರು ಮೂಸಿದ ಎರಿ ಬೇರೆ.

ಬರೀ ಕಾಗದ

ಇಷ್ಟಾದರೂ ಅಣ್ಣನ ಮಾತು ಬದಲಾಗಲಿಲ್ಲ. “ಥಂಡಿ ಇರ್ಲಿ, ಬ್ಯಾಸಗಿ ಇರ್ಲಿ, ನನಗ ಅದರಾಗ ಹೊಗಿ ಮತ್ತ ಕೊಟ್ಟಿಗಿ ಬಿಟ್ರ ಏನೂ ಇಲ್ಲ.” ತಂಗಿ, “ಅದರ ಕೆಳಗ ಎಷ್ಟ ಮೆತ್ತಗದ ನೋಡು” ಅನ್ನುವಳು. ಅವನು ಮೂಸುವನು, ಇಲ್ಲ ಅನ್ನುವನು. ಅವನು ಬೇಕಂತಲೇ ಹಟ ಮಾಡುತ್ತಾನೆ ಅಂತ ಅವಳು, ಇಲ್ಲದ್ದನ್ನು ಇದೆ ಅನ್ನುತ್ತಾಳೆ ಅಂತ ಅವನು.

ಸೆಪ್ಟೆಂಬರಿನಲ್ಲಿ ಹೋದಾಗ ನಾನು ಎರಿಯ ಸಾಮಾನುಗಳನ್ನೇ ಬೇರೆ ಬೇರೆ ಪಟ್ಟಿಗೆ ಹಚ್ಚಿಕೊಂಡು ಹೋದೆ. ಯಾವುದು ಅವನಿಗೆ ಸೇರುವುದಿಲ್ಲವೋ ಅದನ್ನು ಕಡಿಮೆ ಮಾಡಿದರಾಯಿತು ಅನ್ನುವುದಷ್ಟೇ ನನ್ನ ಲೆಕ್ಕ. ಒಂದೊಂದಾಗಿ ಕೊಟ್ಟೆ. ನಿಂಬೆ, ಸರಿ. ದವನ, ಗುರುತು ಹಿಡಿದ. ಭದ್ರಮುಷ್ಟಿ, ತಂಬಾಕು, ಊದ್, ಎಲ್ಲ ಹೇಳಿದ. ಮಿಟ್ಟಿ ಮೂಗಿನ ಹತ್ತಿರ ಬರುವ ಮೊದಲೇ “ಮಿಟ್ಟಿ” ಅಂದ. ಮೂಗು ಚುರುಕಾಗಿಯೇ ಇದೆ. ಕಸ್ತೂರಿಯ ಪಟ್ಟಿ ಕೊಟ್ಟೆ. ಮೂಸಿದ, ತಿರುಗಿಸಿ ಮೂಸಿದ. “ಇದಕ್ಕ ಹಚ್ಚಾಕ ಮರತೀರಿ. ಬರೀ ಕಾಗದ ಅದ” ಅಂದ.

ನಾನು ಅದನ್ನು ತಂಗಿಗೆ ಕೊಟ್ಟೆ. ಅವಳು ಒಂದು ಮೊಳ ದೂರದಿಂದಲೇ ತಲೆಯಾಡಿಸಿದಳು. ಅಪ್ಪನಿಗೂ ಬಂತು. ಅಣ್ಣ ನಂಬಲಿಲ್ಲ, ನಾವು ಮೂವರೂ ಕೂಡಿ ಆಟ ಆಡಿಸುತ್ತೇವೆ ಅಂದುಕೊಂಡ. ಹಾಗಾದರೆ ನೀವೇ ಪರೀಕ್ಷೆ ಮಾಡಿ ಅಂತ ಮೂರು ಪಟ್ಟಿ ಕೊಟ್ಟೆ, ಎರಡು ಖಾಲಿ, ಒಂದಕ್ಕೆ ಕಸ್ತೂರಿ. ಅವನೇ ಬೆನ್ನ ಹಿಂದೆ ಕಲಸಿ ತಂಗಿಯ ಮುಂದೆ ಹಿಡಿದ. ಅವಳು ಸರಿಯಾದದ್ದನ್ನು ಎತ್ತಿದಳು. ನಾಲ್ಕು ಸಲ ಮಾಡಿದ, ನಾಲ್ಕು ಸಲವೂ ಎತ್ತಿದಳು. ಆಮೇಲೆ ಅವಳು ಹಿಡಿದಳು, ಅವನು ಆರಿಸಬೇಕು. ಅವನು ಮೂರನ್ನೂ ಮೂಸಿ ಮೂಸಿ, ಕೊನೆಗೆ ಮೂರನ್ನೂ ಗಲ್ಲೆಯ ಮೇಲೆ ಇಟ್ಟ.

“ಹಂಗಾದ್ರ ಇಷ್ಟ ದಿನಾ ನಾ ಬ್ಯಾರೆದ್ನ ಮೂಸೇನಿ” ಅಂದ. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗಿ, “ಸರ, ನಿಮ್ಮ ವೈಟ್ ಮಸ್ಕ್ ವಾಪಸ್ ಕಳಿಸಿದ್ದು ತಪ್ಪಾತು” ಅಂದ. ತಂಗಿಯ ಕಣ್ಣಲ್ಲಿ ನೀರು ಬಂದಿತ್ತು. ಮೂಗಿಲ್ಲ ಅಂತ ಅವಳು ಎಷ್ಟು ಸಲ ಅಂದಿದ್ದಳು.

ಇದು ಅಪರೂಪದ ಸಂಗತಿಯಲ್ಲ. ಕಸ್ತೂರಿಯ ಕೆಲವು ದೊಡ್ಡ ದೊಡ್ಡ ಅಣುಗಳು ಎಷ್ಟೋ ಜನರ ಮೂಗಿಗೆ ಬರುವುದೇ ಇಲ್ಲ, ಬಾಕಿ ಎಲ್ಲ ವಾಸನೆ ಸರಿಯಾಗಿ ಬರುತ್ತಿರುತ್ತದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ (ರಿಸೆಪ್ಟರ್). ಒಬ್ಬೊಬ್ಬರಲ್ಲಿ ಅವು ಸ್ವಲ್ಪ ಸ್ವಲ್ಪ ಬೇರೆ. ಬೆವರಿನಲ್ಲಿರುವ ಆಂಡ್ರೋಸ್ಟೆನೋನ್ ಅನ್ನುವ ಒಂದು ವಸ್ತುವಿನ ಬಗ್ಗೆ 2007ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿದರು. ಅದು ಕೆಲವರಿಗೆ ಮೂತ್ರದ ನಾತ, ಕೆಲವರಿಗೆ ಸಿಹಿ, ಕೆಲವರಿಗೆ ಏನೂ ಇಲ್ಲ. ಒಂದು ಗ್ರಾಹಕದ ಜೀನಿನ ವ್ಯತ್ಯಾಸ ಇದಕ್ಕೆ ದೊಡ್ಡ ಕಾರಣ. ಮಳೆ ಬಿದ್ದ ಮಣ್ಣಿನ ವಾಸನೆ ಕೊಡುವ ಜಿಯೋಸ್ಮಿನ್ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ಅಂಥದೇ ಮೂಗು ಮುಂದೆ ಹಿಡಿದ ಕಸ್ತೂರಿಯನ್ನು ಕಾಗದ ಅನ್ನುತ್ತದೆ.

ಈಗ ಎರಿಯನ್ನು ಅಣ್ಣನ ಮೂಗಿನಿಂದ ಯೋಚಿಸಿ ನೋಡಿ. ತಂಗಿ ಹೊಗೆ, ಊದ್, ತಂಬಾಕಿನ ಕೆಳಗೆ ಮೆತ್ತನೆಯ ಕಸ್ತೂರಿ ಹಾಸಿದ್ದಳು. ಅದರ ಮೇಲೆಯೇ ಇಡೀ ಅತ್ತರು ನಿಂತಿತ್ತು. ಅವನಿಗೆ ಆ ಹಾಸಿಗೆಯೇ ಇಲ್ಲ, ಬರೀ ಒರಟು ಕಂಬಳಿ. ಕೊಟ್ಟಿಗೆ ಅಂದವರಲ್ಲಿ ಇನ್ನೆಷ್ಟು ಜನ ಅವನ ಹಾಗೆ ಇದ್ದರೋ.

ಆಮೇಲೆ ನಡೆದದ್ದು

ಜನ ಬೈದಾಗ ಒಂದು ಹನಿಯನ್ನೂ ಬದಲಿಸಲು ಒಪ್ಪದ ತಂಗಿ ಈಗ ತಾನಾಗಿಯೇ ಕೂತಳು. ಊದ್ ಮುಟ್ಟಲಿಲ್ಲ, ದವನ ಮುಟ್ಟಲಿಲ್ಲ. ಕಸ್ತೂರಿಯ ಪಾಲು ಇಳಿಸಿ ಆ ಜಾಗಕ್ಕೆ ಶ್ರೀಗಂಧದ ಎಣ್ಣೆ ಹಾಕಿದಳು. ಅಣ್ಣನಿಗೆ ಗಂಧ ಚೆನ್ನಾಗಿಯೇ ಬರುತ್ತದೆ. ಖರ್ಚು ಏರಿತು, ಶೀಸೆಗೆ 600 ಆಯಿತು. ಉಳಿದಿದ್ದ 38 ಶೀಸೆಯನ್ನೂ ಅದೇ ಘಟಕಕ್ಕೆ ಕಳಿಸಿ ಹೊಸ ಲೆಕ್ಕಕ್ಕೆ ತಂದರು. ಅಣ್ಣ ಮೂಸಿ ಬಹಳ ಹೊತ್ತು ಯೋಚಿಸಿದ. “ಕೊಟ್ಟಿಗಿ ಅದ. ಈಗ ಅದರ ಬಾಜೂಕ ಒಂದ ಮನಿ ಕಟ್ಟಿದಿ” ಅಂದ. ಅವನ ಬಾಯಿಂದ ಇದಕ್ಕಿಂತ ದೊಡ್ಡ ಮಾತು ನಾನು ಬಯಸುವುದಿಲ್ಲ.

ಮಾರುವ ರೀತಿಯನ್ನೂ ಬದಲಿಸಿದರು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾತ್ರ ಎರಿ. ಕಾಗದದ ಮೇಲೆ ತೋರಿಸುವುದಿಲ್ಲ, ದವನ ಮೈಮೇಲೆಯೇ ತನ್ನ ಬಣ್ಣ ತೋರಿಸಬೇಕು. ಮೊದಲ ದಿನ ಶೀಸೆ ಕೊಡುವುದಿಲ್ಲ. 1 ಮಿಲಿಯ ಸಣ್ಣ ಸ್ಯಾಂಪಲ್, ಮೂರು ದಿನ ಹಚ್ಚಿ, ಮನೆಯವರನ್ನೂ ಕೇಳಿ ಬನ್ನಿ ಅನ್ನುತ್ತಾರೆ. ಗಾಜಿನ ಕಡ್ಡಿಯಿಂದ ಮೊಳಕೈ ಒಳಗೆ ಒಂದೇ ಗೀರು ಹಚ್ಚಿ ತೋರಿಸುತ್ತಾರೆ, ಕಿವಿಗೆ ಹತ್ತಿ ಬೇಡ ಅಂತ ಬಾಯಿಬಿಟ್ಟು ಹೇಳುತ್ತಾರೆ. ಈ ಮೂರು ದಿನದ ನಿಯಮ ಅಣ್ಣನದೇ. ಗಲ್ಲೆಯ ಅನುಭವ ಇದ್ದವನಿಗೆ ಮಾತ್ರ ಹೊಳೆಯುವಂಥದ್ದು.

ಕಾಕಾರ ಮನೆಗೆ ಅಣ್ಣನೇ ಹೋಗಿ ದುಡ್ಡು ಕೊಟ್ಟು ಬಂದ. ಅವರು ಮತ್ತೆ ಅಂಗಡಿಗೆ ಬರುತ್ತಾರೆ, ಫಿರ್ದೌಸ್ ಒಯ್ಯುತ್ತಾರೆ, ಎರಿಯ ಕಡೆ ನೋಡುವುದಿಲ್ಲ. ಇರಲಿ. 38 ಶೀಸೆ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಮುಗಿದವು. ಮತ್ತೆ 40 ಮಾಡಿಸಿದರು, ಅದರಲ್ಲಿ 9 ಉಳಿದಿವೆ. ಒಯ್ದವರಲ್ಲಿ ಗಂಡಸರು, ಹೆಂಗಸರು ಹೆಚ್ಚು ಕಡಿಮೆ ಸಮ. ದೊಡ್ಡ ವ್ಯಾಪಾರ ಅಂತ ಹೇಳಲಾರೆ. ಅಂಗಡಿಯ ಗಳಿಕೆಯಲ್ಲಿ ಇದು ಸಣ್ಣ ಪಾಲು.

ಜಗಳ ಪೂರ್ತಿ ಮುಗಿದೂ ಇಲ್ಲ. ಅವ್ವ ಅದನ್ನು ದೇವರ ಕೋಣೆಯ ಹತ್ತಿರ ಬರಗೊಡುವುದಿಲ್ಲ. ಆಫೀಸಿಗೆ ಹಾಕಿಕೊಂಡು ಹೋಗುತ್ತಿದ್ದ ಒಬ್ಬ ಹುಡುಗಿ, ಪಕ್ಕದ ಮೇಜಿನವರಿಗೆ ತಲೆನೋವು ಬರುತ್ತದೆ ಅಂತ ಗೊತ್ತಾದ ಮೇಲೆ ಮನೆಯಲ್ಲಿ ಮಾತ್ರ ಹಚ್ಚುತ್ತಾಳೆ. ಅವಳು ಮಾಡಿದ್ದೇ ಸರಿ ಅಂತ ನನಗನ್ನಿಸುತ್ತದೆ. ಹಚ್ಚಿಕೊಳ್ಳುವವರು ಆ ವಾಸನೆಯನ್ನು ಆರಿಸಿಕೊಂಡಿರುತ್ತಾರೆ, ಪಕ್ಕದಲ್ಲಿ ಕೂತವರು ಆರಿಸಿಕೊಂಡಿರುವುದಿಲ್ಲ. ತಲೆನೋವು, ದಮ್ಮು ಇರುವವರ ಮುಂದೆ ನನ್ನ ಅಭಿರುಚಿ ದೊಡ್ಡದು ಅಂತ ವಾದ ಮಾಡಬಾರದು.

ಇನ್ನೊಬ್ಬರಿಗೆ ಇದರಿಂದ ಉಪಯೋಗವಾಗುವುದಾದರೆ ನಾನು ಇಷ್ಟನ್ನು ಎತ್ತಿ ಹೇಳುತ್ತೇನೆ. ಎರಡು ಅಭಿಪ್ರಾಯ ಬಂದ ಕೂಡಲೇ ಯಾರ ಅಭಿರುಚಿ ಸರಿ ಅಂತ ನಾವು ತೂಗಲು ಹೋದೆವು, ಐದು ತಿಂಗಳು ಹೋಯಿತು. ಇಬ್ಬರೂ ಒಂದೇ ವಾಸನೆ ಮೂಸುತ್ತಿದ್ದಾರಾ ಅಂತ ನೋಡಲು ಮೂರು ಕಾಗದದ ಪಟ್ಟಿ, ಹತ್ತು ನಿಮಿಷ ಸಾಕಾಗಿತ್ತು. ಮಾಡಿದವರನ್ನು, ಹಚ್ಚಿದವರನ್ನು, ಪಕ್ಕದಲ್ಲಿ ಕೂತವರನ್ನು ಬೇರೆ ಬೇರೆ ಕೇಳಬೇಕಿತ್ತು. ನನ್ನ ಗುಲಾಬಿನ ಸಲಹೆ ಈ ಮೂವರಲ್ಲಿ ಯಾರನ್ನೂ ಕೇಳದೆ ಕೊಟ್ಟದ್ದು. ಮತ್ತೆ, ಹೊಸ ಥರದ್ದು ಮಾಡುವಾಗ ಹಳೆಯವರ ಮಾತು ಬಿಟ್ಟುಹೋಗುವುದು ಬಹಳ ಸುಲಭ. ಅಪ್ಪನನ್ನು ಏಪ್ರಿಲ್‌ಗೆ ಮೊದಲೇ ಒಂದು ಮಾತು ಕೇಳಿದ್ದರೆ ಕಾಕಾರಿಗೆ ಪಂಕ್ತಿಯಲ್ಲಿ ಆ ಅವಮಾನ ಆಗುತ್ತಿರಲಿಲ್ಲ.

ಹೋದ ತಿಂಗಳು ಹೊಸ ಮಾಲು ಕೊಡಲು ಹೋದಾಗ ನೋಟ್‌ಬುಕ್ ಗಲ್ಲೆಯ ಮೇಲೆಯೇ ಇತ್ತು. ಈಗ ಅದು ಎರಿಯದಷ್ಟೇ ಅಲ್ಲ, ಕಪಾಟಿನ ಎಲ್ಲ ಅತ್ತರಿನದು. ಒಂದು ಪುಟದಲ್ಲಿ ಅಣ್ಣನ ದುಂಡು ಅಕ್ಷರ, ಒಂದರ ಕೆಳಗೊಂದು. ಹೀನಾ, ಬರ್ತದ. ಖಸ್, ಬರ್ತದ. ಮಿಟ್ಟಿ, ಬರ್ತದ. ವೈಟ್ ಮಸ್ಕ್, ನನಗ ಬರೂದಿಲ್ಲ, ಗಿರಾಕಿ ಬಂದ್ರ ತಂಗಿನ್ನ ಕರೀಬೇಕು.